ಕಾಡಿನಿಂದ ಔಷಧಿ ಗಿಡ ತರುವುದನ್ನು ಪೂರ್ತಿ ನಿಲ್ಲಿಸಬೇಕಾ?

ತೋಟದಮನೆ:
ಸೀತಾ ಅಶೋಕದ ಗತಿ ನೋಡಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಹೆಂಗಸರ ಮುಟ್ಟಿನ ತೊಂದರೆಗೆ ಕೊಡುವ ಅಶೋಕಾರಿಷ್ಟಕ್ಕೆ ಅದರ ತೊಗಟೆ ಬೇಕು. ಬೇಡಿಕೆ ಇದೆ ಅಂತ ಘಟ್ಟದ ಕಾಡಿನಲ್ಲಿ ಮರಗಳನ್ನು ಬುಡದಿಂದ ಸುಲಿಯುತ್ತಾರೆ. ಸುತ್ತಲೂ ತೊಗಟೆ ಹೋದ ಮರ ನಿಂತಲ್ಲೇ ಒಣಗುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಮಾರಾಟಕ್ಕಾಗಿ ಕಾಡಿನಿಂದ ಯಾವ ಔಷಧಿ ಸಸ್ಯವನ್ನೂ ತರಬಾರದು. ಬೇಕಾದವರು ಬೆಳೆಸಿಕೊಳ್ಳಲಿ. ನೀವೇನಂತೀರಿ?

ಸಸ್ಯಮೇಷ್ಟ್ರು:
ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಗಿಡದ ಯಾವ ಭಾಗ ತೆಗೆಯುತ್ತಾರೆ ಅನ್ನುವುದನ್ನು ಬಿಟ್ಟು ಈ ಮಾತು ಆಡಲಿಕ್ಕಾಗದು. ಸರ್ಪಗಂಧದಲ್ಲಿ ಬೇಕಾದದ್ದು ಬೇರು. ಬೇರು ಕಿತ್ತರೆ ಗಿಡವೇ ಹೋಯ್ತು. 1952ರಲ್ಲಿ ಅದರಿಂದ ರೆಸರ್ಪಿನ್ ಅನ್ನುವ ಔಷಧಿ ಅಂಶ ಬೇರ್ಪಡಿಸಿದ ಮೇಲೆ ರಕ್ತದೊತ್ತಡದ ಔಷಧಿಗಾಗಿ ಹೊರದೇಶಗಳಿಂದಲೂ ಬೇಡಿಕೆ ಬಂತು. ಈಗ ಆ ಗಿಡ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಹೊರದೇಶದ ವ್ಯಾಪಾರಕ್ಕೆ ಪರವಾನಗಿ ಬೇಕು. ಇಂಥದ್ದಕ್ಕೆ ನಿಷೇಧ ಅಂದರೆ ನಾನೂ ಒಪ್ಪುತ್ತೇನೆ. ನೆಲ್ಲಿಕಾಯಿ ಕಥೆ ಬೇರೆ. ಕಾಯಿ ಕೊಯ್ದರೆ ಮರ ಉಳಿಯುತ್ತದೆ.

ಅಶೋಕದ ವಿಷಯದಲ್ಲಿ ಇನ್ನೊಂದು. ಗ್ರಂದಿಗೆ ಅಂಗಡಿಗೆ ಬರುವ ತೊಗಟೆ ಎಷ್ಟೋ ಸಲ ಕಂಬದ ಅಶೋಕದ್ದು. ಶಾಲೆ, ಆಫೀಸುಗಳ ಕಾಂಪೌಂಡ್ ಪಕ್ಕ ನೆಟ್ಟಗೆ ಬೆಳೆಯುತ್ತಲ್ಲ, ಅದು. ಅದು ಸೀತಾಫಲದ ಕುಟುಂಬದ ಮರ. ನಿಜವಾದ ಅಶೋಕ ಹುಣಸೆಯ ಕುಟುಂಬದ್ದು. ಕಾಡಿನಲ್ಲಿ ಮರ ಕಡಿಮೆಯಾದಷ್ಟೂ ಈ ಕಲಬೆರಕೆ ಜಾಸ್ತಿಯಾಗುತ್ತದೆ. ನಷ್ಟ ಮರಕ್ಕೂ, ಔಷಧಿ ಕುಡಿಯುವ ಹೆಣ್ಣುಮಗಳಿಗೂ.

ಗುಡ್ಡದಂಚು:
ಪೂರ್ತಿ ನಿಷೇಧ ಅನ್ನುವವರು ಬಿಳಿಗಿರಿರಂಗನ ಬೆಟ್ಟದ ಕಡೆ ಒಮ್ಮೆ ನೋಡಬೇಕು. ಅಲ್ಲಿನ ಸೋಲಿಗರು ನೆಲ್ಲಿಕಾಯಿ, ಜೇನು, ಸೀಗೆಕಾಯಿ ತಂದು ಮಾರಿ ಬದುಕುತ್ತಿದ್ದರು. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಮಾರಾಟಕ್ಕಾಗಿ ತರುವುದು ನಿಂತಿತು. ಅದರಿಂದ ನೆಲ್ಲಿ ಮರ ಚೆನ್ನಾಯ್ತಾ? ನೆಲ್ಲಿಗೆ ಅಲ್ಲಿ ದೊಡ್ಡ ಕಾಟ ಬಂದಳಿಕೆಯದು. ಕೊಂಬೆ ಹಿಡಿದು ರಸ ಹೀರುತ್ತದೆ, ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಮರವೇ ಸೊರಗುತ್ತದೆ. ಕಾಯಿ ಕೊಯ್ಯಲು ಹತ್ತಿದವರು ಬಂದಳಿಕೆ ಕಟ್ಟಿದ ಕೊಂಬೆಯನ್ನೂ ಕಡಿದು ಇಳಿಯುತ್ತಿದ್ದರು. ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ಬಂದಳಿಕೆಯನ್ನೂ ಲಂಟಾನ ಕಳೆಯನ್ನೂ ಹದ್ದುಬಸ್ತಿನಲ್ಲಿ ಇಡುತ್ತಿತ್ತು ಅಂತ ಸೋಲಿಗರು ಇಂದಿಗೂ ಹೇಳುತ್ತಾರೆ. ಬೆಂಕಿ ನಿಂತಿತು, ಕೊಯ್ಲು ನಿಂತಿತು, ಲಂಟಾನ ಕಾಡು ತುಂಬಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯಕ್ಕೆ ಕಾಡಿನ ಉತ್ಪನ್ನ ತಂದು ಮಾರುವ ಹಕ್ಕು ಸಿಕ್ಕಿತು. ಮರ ನೋಡಿಕೊಳ್ಳುವವರನ್ನೇ ಹೊರಗಿಟ್ಟು ಮರ ಉಳಿಸುವುದು ಹೇಗೆ ಸಾರ್?

ಶಿರಸಿ ಸೀಮೆ:
ಗುಡ್ಡದಂಚು ಅವರ ಮಾತು ಒಪ್ಪುತ್ತೇನೆ. ಆದರೆ ಕಾಯಿ ಅಂದ ಮಾತ್ರಕ್ಕೆ ಎಲ್ಲಾ ಕ್ಷೇಮ ಅಂತಲ್ಲ. ನಮ್ಮ ಕಡೆ ಹುಳಿ ಕಾಯಿ ಬಿಡುವ ಉಪ್ಪಾಗೆ ಮರ ಇದೆ. ಮೈ ತೂಕ ಇಳಿಸುವ ಮಾತ್ರೆಗೆ ಅದರ ಸಿಪ್ಪೆಯ ಆಮ್ಲ ಬೇಕು ಅಂತಾದ ಮೇಲೆ ಪೈಪೋಟಿ ಶುರುವಾಯ್ತು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅನ್ನುವ ಭಯಕ್ಕೆ ಹಸಿರು ಕಾಯಿಯನ್ನೇ ಬಡಿದು ಬೀಳಿಸುತ್ತಾರೆ. ಕೊಂಬೆ ಕಡಿಯುತ್ತಾರೆ. ಹಣ್ಣಾಗದ ಕಾಯಿಯ ಬೀಜ ಮೊಳೆಯುವುದಿಲ್ಲ. ಜೊತೆಗೆ ಕೊಯ್ಲು ಬರುವುದು ಮಳೆಗಾಲದಲ್ಲಿ, ಬಿಸಿಲಿಲ್ಲ. ಸಿಪ್ಪೆ ಒಣಗಿಸಲು ತಟ್ಟಿಯ ಕೆಳಗೆ ಹಗಲೂ ರಾತ್ರಿ ಸೌದೆ ಉರಿಯಬೇಕು. ಆ ಸೌದೆಯೂ ಅದೇ ಕಾಡಿನದು. ಹಣ್ಣಾಗುವ ತನಕ ಯಾರೂ ಕೈ ಹಾಕಬಾರದು ಅಂತ ಊರಿನವರೇ ಕೂತು ದಿನ ಗೊತ್ತು ಮಾಡಿಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒಣಗಿಸಲು ಸೌದೆ ಕಡಿಮೆ ತಿನ್ನುವ ಒಲೆ ಬೇಕು.

ತೋಟದಮನೆ:
ಸರಿ, ಕಾಯಿ ಹಣ್ಣಿನ ಮಾತು ಬಿಡುತ್ತೇನೆ. ಬೇರು, ತೊಗಟೆ? ಅದನ್ನಾದರೂ ಬೆಳೆಸಿಯೇ ತೆಗೆಯಬೇಕು ಅನ್ನುವ ಕಾನೂನು ಬೇಕಲ್ವಾ?

ಬಯಲುಸೀಮೆ ರೈತ:
ಅಣ್ಣಾ, ಕಾನೂನು ಮಾಡಿದ ತಕ್ಷಣ ರೈತ ಬೆಳೆಯುವುದಿಲ್ಲ. ಅಶ್ವಗಂಧದಲ್ಲೂ ಬೇಕಾದದ್ದು ಬೇರು, ಆದರೂ ಅದನ್ನು ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಹೊಲದಲ್ಲೇ ಬೆಳೆಯುತ್ತಾರೆ. ಯಾಕೆ? ಐದಾರು ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ. ಅಶೋಕ ಹಾಕಿ ತೊಗಟೆಗೆ ವರ್ಷಗಟ್ಟಲೆ ಯಾರು ಕಾಯುತ್ತಾರೆ? ಕಾದವನಿಗೂ ಬೆಲೆ ಸಿಗುವುದಿಲ್ಲ. ಕಾಡಿನಿಂದ ಬಂದ ತೊಗಟೆಗೆ ಗೊಬ್ಬರದ ಖರ್ಚಿಲ್ಲ, ನೀರಿನ ಖರ್ಚಿಲ್ಲ, ಕಾದ ವರ್ಷಗಳ ಲೆಕ್ಕವೂ ಇಲ್ಲ. ತಂದವನಿಗೆ ಒಂದು ದಿನದ ಕೂಲಿ ಕೊಟ್ಟರೆ ಮುಗೀತು. ಕಂಪನಿ ಮೊದಲೇ ಬೆಲೆ ಬರೆದುಕೊಟ್ಟು ಕೊಳ್ಳುತ್ತೇನೆ ಅಂದರೆ ಮಾತ್ರ ನನ್ನಂಥವನು ಬದುವಿನಲ್ಲಿ ನಾಲ್ಕು ಮರ ಹಾಕಬಹುದು.

ಡಾಕ್ಟ್ರಮ್ಮ:
ನಾನು ಆಯುರ್ವೇದ ವೈದ್ಯೆ, ನಮ್ಮ ಪಾಲಿನ ಹೊಣೆಯನ್ನೂ ಹೇಳಲೇಬೇಕು. ದಶಮೂಲ ಅಂದರೆ ಹತ್ತು ಬೇರು. ಅದರಲ್ಲಿ ಐದು ದೊಡ್ಡ ಮರಗಳದ್ದು: ಬಿಲ್ವ, ಶಿವನೆ, ಪಾದರಿ ಇತ್ಯಾದಿ. ಒಂದು ಮನೆಯವರಿಗೆ ಕಷಾಯ ಮಾಡುವಾಗ ಮರದ ಪಕ್ಕದ ಒಂದು ಬೇರು ಸಾಕಿತ್ತು, ಮರಕ್ಕೆ ಏನೂ ಆಗುತ್ತಿರಲಿಲ್ಲ. ಲಾರಿಗಟ್ಟಲೆ ಬೇಕು ಅಂದಾಗ ಮರವನ್ನೇ ಅಗೆಯಬೇಕಾಗುತ್ತದೆ. ಬೇರಿನ ಬದಲು ಕೊಂಬೆಯ ತೊಗಟೆ, ಎಳೆ ಗಿಡ ಬಳಸಬಹುದಾ ಅನ್ನುವ ಸಂಶೋಧನೆ ನಡೆಯುತ್ತಿದೆ. ಇದಕ್ಕೆ ನನ್ನ ಬೆಂಬಲವಿದೆ.

ನಾಟಿವೈದ್ಯರ ಮೊಮ್ಮಗಳು:
ಅಕ್ಕಾ, ಅಲ್ಲೇ ನನಗೆ ಅಳುಕು. ಬೇರು ಅಂತ ಹೇಳಿದ ಕಡೆ ತೊಗಟೆ ಹಾಕಿದರೆ ಗುಣ ಅದೇ ಇರುತ್ತದಾ? ಅದರ ಬದಲು ತೆಗೆಯುವ ಕ್ರಮ ಸರಿಮಾಡಬಹುದಲ್ವಾ? ನಮ್ಮ ಮನೆಯಲ್ಲಿ ತೊಗಟೆಯನ್ನು ಒಂದೇ ಬದಿಯಿಂದ, ಅಂಗೈ ಅಗಲಕ್ಕಿಂತ ಕಡಿಮೆ, ಮೇಲಿನಿಂದ ಕೆಳಕ್ಕೆ ಪಟ್ಟಿಯಾಗಿ ತೆಗೆಯುತ್ತಾರೆ. ಸುತ್ತ ಕೊಯ್ಯುವುದೇ ಇಲ್ಲ. ಗಾಯ ಮುಚ್ಚುವ ತನಕ ಆ ಮರಕ್ಕೆ ಮತ್ತೆ ಕತ್ತಿ ಮುಟ್ಟಿಸುವುದಿಲ್ಲ.

ಡಾಕ್ಟ್ರಮ್ಮ:
ಪರೀಕ್ಷೆ ಮಾಡದೆ ಬದಲಿಸಬಾರದು, ಅದು ನಿಜ ತಂಗಿ. ಒಂದೊಂದು ಗಿಡಕ್ಕೂ ಬೇರೆಯಾಗಿ ನೋಡಬೇಕು, ಕೆಲವಕ್ಕೆ ಒಗ್ಗುತ್ತದೆ, ಕೆಲವಕ್ಕೆ ಇಲ್ಲ. ಆದರೆ ನಿಮ್ಮ ಮನೆಯ ಕ್ರಮ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ನಡೆಯುವುದು ಕಷ್ಟ. ಅಲ್ಲಿ ಪೂರ್ತಿ ಸುಲಿದವನಿಗೇ ಜಾಸ್ತಿ ದುಡ್ಡು.

ಸಸ್ಯಮೇಷ್ಟ್ರು:
ಬೆಳೆಸಿದ್ದು, ಕಾಡಿನದು ಅನ್ನುವ ಲೆಕ್ಕಕ್ಕೆ ಬರೋಣ. 2023ರಲ್ಲಿ ಜೀವವೈವಿಧ್ಯ ಕಾಯ್ದೆಗೆ ತಿದ್ದುಪಡಿ ಆಯ್ತು. ಬೆಳೆಸಿದ ಔಷಧಿ ಸಸ್ಯಕ್ಕೆ ಲಾಭ ಹಂಚಿಕೆಯಿಂದ, ಅಂದರೆ ಸಸ್ಯ ಬಳಸುವ ಕಂಪನಿ ಲಾಭದಲ್ಲಿ ಪಾಲು ಕೊಡಬೇಕು ಅನ್ನುವ ನಿಯಮದಿಂದ, ವಿನಾಯಿತಿ ಸಿಕ್ಕಿತು. ರೈತನಿಗೆ ಒಳ್ಳೆಯದೇ. ಆದರೆ ಕಾಡಿನ ತೊಗಟೆಯನ್ನೇ ತೋಟದ್ದು ಅಂತ ಬರೆಸಿಕೊಂಡರೆ? ಬೆಳೆಸಿದ್ದು ಅನ್ನುವ ಪ್ರಮಾಣಪತ್ರ ಕೊಡಬೇಕಾದದ್ದು ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿ. ಆ ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ಪ್ರಮಾಣಪತ್ರಕ್ಕೆ ಏನು ಬೆಲೆ? ನಿಮ್ಮ ಪಂಚಾಯ್ತಿಯಲ್ಲಿ ಸಮಿತಿಯ ಸದಸ್ಯರು ಯಾರು ಅಂತ ಎಲ್ಲರೂ ಕೇಳಿ ನೋಡಿ.

ಗುಡ್ಡದಂಚು:
ಆ ಸಮಿತಿಯಲ್ಲಿ ಕಾಡಿಗೆ ಹೋಗುವವರೇ ಇರಬೇಕು ಮೇಷ್ಟ್ರೇ. ಯಾವ ಮರ ಯಾರು ಸುಲಿದರು ಅಂತ ಮೊದಲು ತಿಳಿಯುವುದು ಅವರಿಗೆ.

ತೋಟದಮನೆ:
ಹಾಗಾದರೆ ನನ್ನ ನಿಲುವು ಹೀಗೆ: ಬೇರು ಕೀಳುವುದು, ಸುತ್ತ ಸುಲಿಯುವುದು ನಿಲ್ಲಲೇಬೇಕು, ಅದರಲ್ಲಿ ರಾಜಿ ಇಲ್ಲ. ಕಾಯಿ, ಹಣ್ಣಿನ ನಿರ್ಧಾರ ಗ್ರಾಮಸಭೆಯದು. ಈ ಮಳೆಗಾಲಕ್ಕೆ ತೋಟದ ಹಳ್ಳದ ಪಕ್ಕ ಅಶೋಕ ಹಾಕಬೇಕು ಅಂತಿದ್ದೇನೆ. ಬೀಜದಿಂದ ಬರುತ್ತದಾ?

ಸಸ್ಯಮೇಷ್ಟ್ರು:
ಬರುತ್ತದೆ. ಬಲಿತ ಕೋಡಿನ ಬೀಜ ಬಿದ್ದ ಕೂಡಲೇ ಆರಿಸಿ, ಒಣಗಲು ಬಿಡದೆ ಬಿತ್ತಿ. ಇಟ್ಟರೆ ಮೊಳಕೆ ಶಕ್ತಿ ಬೇಗ ಹೋಗುತ್ತದೆ. ಸಸಿಗೆ ನೆರಳು ಬೇಕು, ಹಳ್ಳದ ಪಕ್ಕದ ತಂಪು ಅದಕ್ಕೆ ಒಗ್ಗುತ್ತದೆ. ಬೀಜ ತರುವಾಗ ಕಂಬದ ಅಶೋಕ ಅಲ್ಲ ಅಂತ ಖಚಿತ ಮಾಡಿಕೊಳ್ಳಿ: ಸೀತಾ ಅಶೋಕಕ್ಕೆ ಚಪ್ಪಟೆ ಕೋಡು, ಕಿತ್ತಳೆ ಕೆಂಪು ಹೂಗೊಂಚಲು.