ಅಪ್‌ಡೇಟ್: ಪಿಕಪ್‌ನ ಲೋಡ್ ಬಾಡಿಯ ತಳಕ್ಕೆ ಕೋಟಿಂಗ್ ಆಯ್ತು

ಮಡಗಾಂವ್‌ನಲ್ಲಿ ಮೀನಿನ ಕ್ರೇಟ್ ಹೊರುವ ನಮ್ಮ ಪಿಕಪ್‌ನ ತಳ ತುಕ್ಕು ಹಿಡಿಯುತ್ತಿದೆ, ಮನೆಯಲ್ಲೇ ಏನು ಬಳಿಯಬಹುದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೊನೆಗೆ ಕೈ ಹಿಡಿದದ್ದು ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಾಲಿಯುರೆಥೇನ್ ಬೆಡ್‌ಲೈನರ್, ಅಂದ್ರೆ ಲೋಡ್ ಬಾಡಿಯ ಒಳಗೆ ಬಳಿಯುವ ಗಟ್ಟಿ ಕೋಟಿಂಗ್. ಅದನ್ನು ಹೇಳಿದ ಹುಬ್ಬಳ್ಳಿ ಅಣ್ಣನಿಗೆ ಒಂದು ಊಟ ಬಾಕಿ. ಗಾಡಿಯ ಅಡಿಭಾಗಕ್ಕೆ ಬಳಿಯುವ ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್ ಮಾತ್ರ ಬೇಡ. ಸುಮ್ನೆ ಒಂದು ಮೂಲೆಗೆ ಹಚ್ಚಿ ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಕ್ರೇಟಿಗೇ ಅಂಟಿಕೊಂಡು ಬಂತು.

ಬಳಿಯುವುದು ಸುಲಭ, ಉಜ್ಜುವುದೇ ಜಾಸ್ತಿ ಕೆಲಸ. 80 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಹಳೇ ಪೇಂಟಿನ ಹೊಳಪು ಪೂರ್ತಿ ಹೋಗಬೇಕು. ತಳದ ಉಬ್ಬುಗೆರೆಗಳ ಸಂದಿಗೆ ತಂತಿ ಬ್ರಷ್ಷೇ ಗತಿ, ಅಲ್ಲೇ ತುಕ್ಕು ಅಡಗಿರುತ್ತದೆ. ಆಮೇಲೆ ಥಿನ್ನರ್‌ನಲ್ಲಿ ಒರೆಸಿ, ಬರೀ ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್. ನೀರು ಇಳಿಯುವ ತೂತುಗಳಿಗೆ ಮೊದಲೇ ಟೇಪ್ ಹಚ್ಚಿ.

ನನಗೆ ಹೊಸದಾಗಿ ತಿಳಿದದ್ದು: ಈ ಬೆಡ್‌ಲೈನರ್‌ನ ಹಾರ್ಡ್ನರ್‌ಗೆ ನೀರಿನ ಪಸೆ ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಕೋಟಿನಲ್ಲಿ ಗುಳ್ಳೆ ಏಳುತ್ತದೆ. ಹಾಗಾಗಿ ಗೋವಾದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಆವಿ ತಡೆಯುವ ಮಾಸ್ಕ್ ಬೇಕೇ ಬೇಕು, ಬಟ್ಟೆ ಕಟ್ಟಿಕೊಂಡರೆ ಸಾಲದು.

ರೋಲರ್‌ನಲ್ಲಿ ಎರಡು ಕೋಟ್ ಆಗಿದೆ. ಮೇಲ್ಮೈ ತರಿತರಿಯಾಗಿರುವುದರಿಂದ ಕ್ರೇಟ್ ಜಾರುವುದೂ ಕಡಿಮೆ. ಮೀನಿನ ವಾಸನೆಗೆ ಏನಾದರೂ ಮದ್ದಿದ್ದರೆ ಹೇಳಿ!