ಪದಚರ್ಚೆ: ‘ಆಫ್‌ರೋಡ್’ ಗಾಡಿಯ ಫಲಕಕ್ಕೆ ಕನ್ನಡದಲ್ಲಿ ಏನೆಂದು ಬರೆಯುವುದು?

ಪ್ರಶ್ನೆ, ದಾವಣಗೆರೆಯಿಂದ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಫಲಕದ ಬರಹವು ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕಾಗಿದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಯುವಕರೊಬ್ಬರು ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಪುಟ್ಟ ಎಲೆಕ್ಟ್ರಿಕ್ ‘ಆಫ್‌ರೋಡ್’ ಗಾಡಿಯನ್ನು ಸ್ವತಃ ತಯಾರಿಸಿದ್ದಾರೆ. ಚೌಕ ಪೈಪುಗಳನ್ನು ವೆಲ್ಡಿಂಗ್ ಮಾಡಿ ಚಾಸಿಯನ್ನು ನಿಲ್ಲಿಸಿ, ಅದಕ್ಕೆ ಹಳೆಯ ಸ್ಕೂಟರಿನ ಶಾಕ್ ಅಬ್ಸಾರ್ಬರುಗಳನ್ನು ಜೋಡಿಸಿ, 1000 ವ್ಯಾಟಿನ, ಬ್ರಶ್ಶುಗಳಿಲ್ಲದ ಬಿಎಲ್‌ಡಿಸಿ ಮೋಟಾರನ್ನೂ, 3.2 ವೋಲ್ಟಿನ 16 ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿಯನ್ನೂ ಕೂಡಿಸಿದ್ದಾರೆ. ನಿಮಿಷಕ್ಕೆ 3000 ಸುತ್ತು ತಿರುಗುವ ಮೋಟಾರಿನ ವೇಗವನ್ನು ಎರಡು ಹಂತದ ಚೈನು ಎಂಟರಲ್ಲಿ ಒಂದು ಪಾಲಿಗೆ ಇಳಿಸಿ 14 ಇಂಚಿನ ಗಾಲಿಗಳಿಗೆ ಮುಟ್ಟಿಸುವುದರಿಂದ, ಗಾಡಿಯು ಗಂಟೆಗೆ ಸುಮಾರು 25 ಕಿಲೋಮೀಟರಿಗಿಂತ ವೇಗವಾಗಿ ಓಡುವುದಿಲ್ಲ. ಒಬ್ಬರು ಕುಳಿತುಕೊಳ್ಳಬಹುದು. ಇದು ಶನಿವಾರ ಇಲ್ಲಿನ ಕಾಲೇಜೊಂದರ ಪ್ರದರ್ಶನಕ್ಕೆ ಹೋಗುತ್ತಿದ್ದು, ಫಲಕವು ಕನ್ನಡದಲ್ಲಿಯೇ ಇರಬೇಕೆಂಬುದು ಅವರ ಅಪೇಕ್ಷೆ.

ನನಗೆ ತೋಚಿದ ಪದಗಳೆಲ್ಲವೂ ಒಂದಲ್ಲ ಒಂದು ಕಡೆ ಎಡವುತ್ತಿವೆ. ‘ಅಡ್ಡದಾರಿಯ ಗಾಡಿ’ ಎಂದರೆ ಗಾಡಿಯ ನಡತೆಯ ಮೇಲೆಯೇ ಸಂಶಯ ಬರುತ್ತದೆ. ‘ರಸ್ತೆಗಿಳಿಯದ ಗಾಡಿ’ ಎಂದರೆ, ಮುಷ್ಕರದ ದಿನ ಡಿಪೋದಲ್ಲಿ ನಿಂತ ಬಸ್ಸುಗಳು ನೆನಪಾಗುತ್ತವೆ. ‘ಕಚ್ಚಾ ರಸ್ತೆಯ ವಾಹನ’ ಎಂಬುದರಲ್ಲಿ ರಸ್ತೆಯೆಂಬುದೊಂದು ಇದ್ದೇ ಇದೆ. ‘ಕಿರು ಮಾದರಿ’, ‘ಪ್ರತಿಕೃತಿ’ ಎಂಬ ಮಾತುಗಳು ಗಾಜಿನ ಪೆಟ್ಟಿಗೆಯಲ್ಲಿಡುವ ಬೊಂಬೆಗೆ ಸಲ್ಲುತ್ತವೆಯೇ ಹೊರತು ಆಳನ್ನು ಹೊತ್ತು ಓಡುವ ಯಂತ್ರಕ್ಕೆ ಸಲ್ಲುವುದಿಲ್ಲ. ಬೀದಿಯ ಮಕ್ಕಳು ಇದನ್ನು ‘ಮರಿ ಜೀಪು’ ಎನ್ನುತ್ತಾರೆ. ಆದರೆ ಜೀಪು ಒಂದು ಕಂಪನಿಯ ಮುದ್ರೆಯ ಹೆಸರಾದ್ದರಿಂದ ಫಲಕದ ಮೇಲೆ ಹಾಕಲು ಅವರಿಗೆ ಮನಸ್ಸಿಲ್ಲ. ಇನ್ನು ‘ಮನೆಯಲ್ಲೇ ಕಟ್ಟಿದ ಗಾಡಿ’ ಎಂದು ಬರೆದರೆ, ಲಾರಿಗೆ ಬಾಡಿ ಕಟ್ಟಿಸುವ ಊರಿನವರಿಗೆ ಅರ್ಥವಾದೀತು. ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋದವರಿಗೆ ಎತ್ತುಗಳೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ದಯವಿಟ್ಟು ಪದ ಸೂಚಿಸಿರಿ.

ಉತ್ತರ, ಚಿತ್ರದುರ್ಗದಿಂದ

‘ವಿದ್ಯುತ್ ಚಾಲಿತ’ ಎಂದು ಬರೆಯುವ ಆಲೋಚನೆ ತಮಗಿದ್ದರೆ ಮೊದಲು ಅದನ್ನು ಬಿಡತಕ್ಕದ್ದು. ತಕಾರಕ್ಕೆ ಚಕಾರವು ಪರವಾದಾಗ ಶ್ಚುತ್ವಸಂಧಿಯಿಂದ ‘ವಿದ್ಯುಚ್ಚಾಲಿತ’ ಎಂದಾಗುತ್ತದೆ. ‘ವಿದ್ಯುಚ್ಛಕ್ತಿ’ ಎಂದು ತಪ್ಪಿಲ್ಲದೆ ಬರೆಯುವ ಜನರೇ ಚಾಲಿತದ ಮುಂದೆ ಏಕೆ ಕೈಬಿಡುತ್ತಾರೋ ತಿಳಿಯದು. ಎರಡನೆಯದಾಗಿ, ‘ವಿದ್ಯುದ್ಬಂಡಿ’, ‘ವಿದ್ಯುತ್ ಗಾಡಿ’ ಮೊದಲಾದವು ಅರಿಸಮಾಸಗಳು, ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆರೆಸಿದ ಸಮಾಸಗಳು. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ಎಂದು ಕವಿರಾಜಮಾರ್ಗವು ಇಂತಹ ಬೆರಕೆಯನ್ನು ಕುರಿತು ಒಂಬತ್ತನೆಯ ಶತಮಾನದಲ್ಲಿಯೇ ಎಚ್ಚರಿಸಿದೆ. ವ್ಯಾಕರಣಕಾರ ಕೇಶಿರಾಜನೂ ಅದನ್ನು ದೋಷವೆಂದೇ ಗಣಿಸಿದ್ದಾನೆ.

‘ಆಫ್‌ರೋಡ್’ ಎಂಬುದರ ತಿರುಳು ರಸ್ತೆಯ ಅಭಾವವಲ್ಲ, ಗಮನದ ಕಷ್ಟ. ‘ದುರ್’ ಎಂಬ ಉಪಸರ್ಗಕ್ಕೆ ‘ಗಮ್’ ಧಾತು ಸೇರಿ ‘ದುರ್ಗ’ವಾಗುತ್ತದೆ; ಎಂದರೆ ಕಷ್ಟದಿಂದ ಹೋಗಬಹುದಾದ ಸ್ಥಳ. ನಮ್ಮ ಊರಿನ ಏಳುಸುತ್ತಿನ ಕೋಟೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದ್ದರಿಂದ ‘ಲಘು ವಿದ್ಯುಚ್ಚಾಲಿತ ದುರ್ಗಮಗಾಮಿ’ ಎಂಬುದು ಅರ್ಥದಲ್ಲಿಯೂ ವ್ಯಾಕರಣದಲ್ಲಿಯೂ ನಿರ್ದುಷ್ಟವಾದ ಪದ. ‘ವಾಹನ’ ಎಂದು ಮತ್ತೆ ಸೇರಿಸುವ ಅಗತ್ಯವಿಲ್ಲ, ‘ಗಾಮಿ’ಯಲ್ಲಿಯೇ ಅದು ಅಡಗಿದೆ.

ಉತ್ತರ, ಚಳ್ಳಕೆರೆಯಿಂದ

ಚಿತ್ರದುರ್ಗದ ಮೇಷ್ಟ್ರು ಸೂಚಿಸಿದ ಪದವನ್ನು ಪ್ರದರ್ಶನಕ್ಕೆ ಬಂದ ಹುಡುಗನೊಬ್ಬ ಓದಿ ಮುಗಿಸುವಷ್ಟರಲ್ಲಿ ಗಾಡಿಯ ಬ್ಯಾಟರಿ ಖಾಲಿಯಾಗಿರುತ್ತದೆ.

ಅರಿಸಮಾಸದ ಭಯವಿದ್ದರೆ ಅದಕ್ಕೆ ಸುಲಭವಾದ ದಾರಿಯೆಂದರೆ ಎರಡೂ ಬದಿಯಲ್ಲಿ ಕನ್ನಡವನ್ನೇ ಇಡುವುದು. ‘ಮಿಂಚುಬಂಡಿ’ ಎನ್ನಿರಿ. ಉಗಿಯಿಂದ ಓಡಿದ್ದನ್ನು ‘ಉಗಿಬಂಡಿ’ ಎಂದು ಕರೆದ ಜನರು ಮಿಂಚಿನಿಂದ ಓಡುವುದನ್ನು ಹಾಗೆ ಕರೆಯಲು ಹಿಂಜರಿಯಬೇಕಾದ ಕಾರಣವಿಲ್ಲ. ‘ಆಫ್‌ರೋಡ್’ ಎಂಬುದಕ್ಕೆ ‘ಕಾಡುಮೇಡು’ ಎಂಬ ಜೋಡಿಪದ ನಮ್ಮಲ್ಲಿದೆ. ಕಾಡುಮೇಡು ಅಲೆದವನೆಂದರೆ ದಾರಿ ಇದ್ದಲ್ಲಿಯೂ ಇಲ್ಲದಲ್ಲಿಯೂ ತಿರುಗಿದವನೆಂದೇ ಅರ್ಥ. ‘ರಸ್ತೆ’ ಎಂಬುದು ಫಾರಸಿಯಿಂದ ಬಂದದ್ದು, ‘ಗಾಡಿ’ ಉತ್ತರದ ನುಡಿಗಳಿಂದ ಬಂದದ್ದು. ಅವೆರಡನ್ನೂ ಬಿಟ್ಟರೆ ಪ್ರಶ್ನೆಯ ಅರ್ಧದಷ್ಟು ತೊಡಕು ತಾನಾಗಿಯೇ ಕಳೆಯುತ್ತದೆ.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ‘ಚಕ್ರ’ ಎಂಬುದನ್ನು ಬಿಟ್ಟು ‘ಗಾಲಿ’ ಎಂದು ಬರೆದ ಪ್ರಶ್ನೆ ಕೇಳಿದವರನ್ನು ಅಭಿನಂದಿಸಬೇಕು. ಹಳೆಯ ತಮಿಳಿನಲ್ಲಿ ‘ಕಾಲ್’ ಎಂದರೆ ಗಾಲಿ. ಅದೇ ನಮ್ಮ ‘ಗಾಲಿ’. ನಡೆಯುವವನಿಗೆ ಕಾಲು, ಉರುಳುವುದಕ್ಕೆ ಗಾಲಿ. ಒಂದೇ ಬೇರಿನಿಂದ ಎರಡೂ ಹುಟ್ಟಿವೆ ಎಂಬುದು ಸ್ಪಷ್ಟವಾಗಿದೆ.

ಉತ್ತರ, ದಾವಣಗೆರೆಯ ಇನ್ನೊಬ್ಬರಿಂದ

ಸ್ಪಷ್ಟವಾಗಿಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ನಡೆಯುವ ಕಾಲು ಮತ್ತು ಉರುಳುವ ಗಾಲಿ ಬೇರೆ ಬೇರೆ ನಮೂದುಗಳಲ್ಲಿವೆ. ‘ಮಿಂಚುಬಂಡಿ’ಯೂ ಸಲ್ಲದು, ಕನ್ನಡದಲ್ಲಿ ಮಿಂಚು ಎಂದೊಡನೆ ವೇಗ ಬರುತ್ತದೆ, ಗಂಟೆಗೆ 25 ಕಿಲೋಮೀಟರ್ ಓಡುವುದಕ್ಕೆ ಆ ಹೆಸರಿಟ್ಟರೆ ನೋಡಿದವರು ನಗುತ್ತಾರೆ.

ಉತ್ತರ, ಹರಿಹರದಿಂದ

ಪದವನ್ನು ಕೂಡಿಸುವ ಮೊದಲು ಗಾಡಿಯ ಹಿಂದಿನ ಅಚ್ಚನ್ನು ಒಮ್ಮೆ ನೋಡಬೇಕೆಂದು ನನ್ನ ವಿನಂತಿ. ಎತ್ತಿನ ಬಂಡಿಯಲ್ಲಿ ಅಚ್ಚು ಕದಲದೆ ನಿಂತಿರುತ್ತದೆ, ಗಾಲಿಗಳು ಅದರ ಎರಡು ತುದಿಗಳಲ್ಲಿ ತಮ್ಮಷ್ಟಕ್ಕೆ ತಾವೇ ತಿರುಗುತ್ತವೆ; ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಉರುಳಿದರೂ ಒಳಗಿನದಕ್ಕೆ ತೊಂದರೆಯಿಲ್ಲ. ಮನೆಯ ಶೆಡ್ಡಿನಲ್ಲಿ ತಯಾರಾಗುವ ಇಂತಹ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ಒಂದೇ ಉದ್ದನೆಯ ಅಚ್ಚಿನ ಮೇಲೆ ಚೈನು ಹಿಡಿಯುವ ಹಲ್ಲುಗಾಲಿಯಾದ ಸ್ಪ್ರಾಕೆಟ್ಟನ್ನು ಕೂರಿಸಿ, ಅದೇ ಅಚ್ಚಿಗೆ ಎರಡೂ ಗಾಲಿಗಳನ್ನು ಬಿಗಿದಿರುತ್ತಾರೆ. ಅಚ್ಚು ತಿರುಗಿದರೆ ಎರಡು ಗಾಲಿಗಳೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಸಡಿಲವಾದ ಎರೆಮಣ್ಣಿನಲ್ಲಿ ಇದರಿಂದ ಅನುಕೂಲವೇ ಹೆಚ್ಚು, ಏಕೆಂದರೆ ಒಂದು ಗಾಲಿ ಜಾರಿದರೂ ಇನ್ನೊಂದು ಎಳೆಯುತ್ತದೆ. ಟಾರು ರಸ್ತೆಯ ತಿರುವಿನಲ್ಲಿ ಮಾತ್ರ ಒಂದು ಗಾಲಿಯು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಟೈರು ಸವೆಯುತ್ತದೆ, ಮುಂದಿನ ಗಾಲಿಗಳನ್ನು ಎಷ್ಟು ತಿರುಗಿಸಿದರೂ ಗಾಡಿಯು ನೇರಕ್ಕೇ ನೂಕುತ್ತದೆ. ಎಂದರೆ, ‘ಆಫ್‌ರೋಡ್’ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ, ಗಾಡಿಯ ಕಟ್ಟಡದಲ್ಲಿಯೇ ಅದು ಇದೆ. ಆದ್ದರಿಂದ ಪದವು ಕಷ್ಟವನ್ನೂ ಅಭಾವವನ್ನೂ ಹೇಳುವುದಕ್ಕಿಂತ ನೆಲವನ್ನು ಹೇಳಬೇಕು. ‘ಹಳ್ಳದಿಣ್ಣೆಯ ಗಾಡಿ’ ಎಂಬುದು ನನ್ನ ಸೂಚನೆ. ‘ಕಾಡುಮೇಡು’ ಎಂದರೂ ಆಕ್ಷೇಪವಿಲ್ಲ.

ಎರವಲಿನ ವಿಷಯದಲ್ಲಿ ಚಳ್ಳಕೆರೆಯವರ ಕಟ್ಟುನಿಟ್ಟು ನನಗೆ ಅರ್ಥವಾಗುವುದಿಲ್ಲ. ನಮ್ಮೂರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದ ಯಂತ್ರವನ್ನು ಎಲ್ಲರೂ ‘ಲೇತು’ ಎಂದೇ ಕರೆದರು. ಅದರ ಮೇಲೆ ಮಾಡುವ ಕೆಲಸಕ್ಕೆ ‘ಕಡೆ’ ಎಂಬ ಹಳೆಯ ಕ್ರಿಯಾಪದ ಇದ್ದೇ ಇತ್ತು. ಗುಡಿಗಳ ಕಡೆದ ಕಂಬಗಳನ್ನು ಕುರಿತು ಬರೆಯುವಾಗ ಇಂದಿಗೂ ಅದನ್ನು ಬಳಸುತ್ತೇವೆ, ಆದರೆ ಶಾಪ್ ಫ್ಲೋರಿನಲ್ಲಿ ‘ಟರ್ನಿಂಗ್’ ಗೆದ್ದಿತು. ಇದಕ್ಕೆ ದುಃಖಪಡಬಹುದು, ಆದರೆ ಫಲಕದ ಮೇಲೆ ಸೇಡು ತೀರಿಸಿಕೊಳ್ಳಬಾರದು. ಬದಲಿಗೆ ಇನ್ನೂ ಬದುಕಿರುವ ಪದಗಳನ್ನು ಅವು ಸಲ್ಲುವ ಕಡೆ ಬಳಸೋಣ. ಬಂಡಿ ಮಾಡುವವರಲ್ಲಿ ಅಚ್ಚು ಇದೆ, ಗಾಲಿಯ ನಡುವಿನ ಗುಂಬ ಇದೆ, ಗಾಲಿಯ ಸುತ್ತಿನ ಕಬ್ಬಿಣದ ಹಳಿ ಇದೆ, ಅಚ್ಚಿನ ತುದಿಯಿಂದ ಗಾಲಿ ಕಳಚದಂತೆ ತಡೆಯುವ ಕಡಾಣಿ ಇದೆ. ಜೇಡರ ದಾಸಿಮಯ್ಯನು ಬಂಡಿಗೆ ಆಧಾರವೆಂದು ಹೇಳಿದ ‘ಕಡೆಗೀಲು’ ಇದೇ. ಈ ಗಾಡಿಯ ಅಚ್ಚಿನ ನಟ್ಟು ಬಿಚ್ಚಿಕೊಳ್ಳದಂತೆ ತೂರಿಸುವ ‘ಸ್ಪ್ಲಿಟ್ ಪಿನ್ನಿ’ಗೆ ಕಡೆಗೀಲು ಎಂದು ಬರೆದರೆ ಓದಿದವರಿಗೆ ತಿಳಿಯುತ್ತದೆ, ಕೆಲಸವೂ ಒಂದೇ. ಆದರೆ ‘ಅಚ್ಚು’ ಎಂದಷ್ಟೇ ಬರೆದರೆ ನಿಂತ ಅಚ್ಚೋ ತಿರುಗುವ ಅಚ್ಚೋ ತಿಳಿಯದಾದ್ದರಿಂದ, ವಿವರಣೆಯಲ್ಲಿ ‘ತಿರುಗುವ ಅಚ್ಚು’ ಎಂದೇ ಬರೆಯುವುದು ಒಳ್ಳೆಯದು.

ಕೊನೆಗೆ ಕಾನೂನಿನ ಸಂಗತಿ. ನೋಂದಣಿಯ ಗೊಡವೆಯಿಲ್ಲದೆ ಓಡಿಸಬಹುದಾದದ್ದು 250 ವ್ಯಾಟಿನೊಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ದ್ವಿಚಕ್ರ ಮಾತ್ರ. 1000 ವ್ಯಾಟಿನ ನಾಲ್ಕು ಗಾಲಿಯ ಗಾಡಿಗೆ ಆ ವಿನಾಯಿತಿ ಇಲ್ಲ. ಆದ್ದರಿಂದ ಎಚ್ಚರಿಕೆಯ ಸಾಲನ್ನು ಹೆಸರಿನೊಳಗೆ ತುರುಕದೆ ಪ್ರತ್ಯೇಕವಾಗಿ, ದೊಡ್ಡ ಅಕ್ಷರದಲ್ಲಿ ಹಾಕಿಸಿರಿ.

ಉತ್ತರ, ಚಿತ್ರದುರ್ಗದಿಂದ

‘ಹಳ್ಳದಿಣ್ಣೆ’ ಎಂಬುದು ಈ ಭಾಗದಲ್ಲಿ ಊರಿನ ರಸ್ತೆಗಳಿಗೇ ರೂಢಿಯಾದ ವಿಶೇಷಣ. ‘ಹಳ್ಳದಿಣ್ಣೆಯ ಗಾಡಿ’ ಎಂದು ಫಲಕ ಹಾಕಿದರೆ, ಲೋಕೋಪಯೋಗಿ ಇಲಾಖೆಗೆ ಕೊಟ್ಟ ದೂರಿನಂತೆ ಕಾಣುತ್ತದೆ. ‘ಗಾಡಿಯ ಕಟ್ಟಡ’ ಎಂದು ಬರೆದಿರುವುದನ್ನೂ ಗಮನಿಸಿದ್ದೇನೆ.

ಉತ್ತರ, ಚಳ್ಳಕೆರೆಯಿಂದ

ಹರಿಹರದವರು ಅಚ್ಚು, ಗುಂಬ, ಕಡೆಗೀಲುಗಳನ್ನೆಲ್ಲ ಎಣಿಸಿ, ಕೊನೆಯಲ್ಲಿ ‘ಗಾಡಿ’ ಎಂದು ಮುಗಿಸಿದ್ದಾರೆ. ಬಂಡಿಯ ಅಂಗಾಂಗಗಳೆಲ್ಲ ಬೇಕು, ಬಂಡಿ ಮಾತ್ರ ಬೇಡ ಎಂಬುದು ಯಾವ ನ್ಯಾಯವೋ ತಿಳಿಯದು. ಅಷ್ಟೇ ಅಲ್ಲ, ಇಂದು ದಾವಣಗೆರೆಯಲ್ಲಿ ‘ಗಾಡಿ ಎಲ್ಲಿ ನಿಲ್ಲಿಸಿದ್ದೀರಿ’ ಎಂದು ಕೇಳಿದರೆ ಜನರು ತಮ್ಮ ಬೈಕಿನ ಕಡೆಗೆ ಕೈ ತೋರಿಸುತ್ತಾರೆ. ಎರವಲು ಪದವೊಂದು ಒಳಗೆ ಬಂದರೆ ಮೊದಲು ಇರುವ ಪದವನ್ನು ಮೂಲೆಗೆ ತಳ್ಳುತ್ತದೆ, ಬಳಿಕ ತನ್ನ ಅರ್ಥವನ್ನೂ ಕಿರಿದಾಗಿಸಿಕೊಳ್ಳುತ್ತದೆ. ಕೊನೆಗೆ ನಮ್ಮ ಕೈಯಲ್ಲಿ ಎರಡೂ ಉಳಿಯುವುದಿಲ್ಲ. ‘ತೇರು’ ಎಂಬ ಅಚ್ಚಗನ್ನಡ ಪದವು ಈಗ ದೇವರ ಸ್ವತ್ತಾಗಿ ಹೋಗಿರುವುದನ್ನು ನೋಡಿರಿ.

ಉತ್ತರ, ಹರಿಹರದಿಂದ

ಹಾಗಾದರೆ ‘ಬಂಡಿ’ ಎಂದೇ ಆಗಲಿ, ನನ್ನ ತಕರಾರಿಲ್ಲ. ಆದರೆ ಬ್ಯಾಟರಿಯನ್ನು ಬ್ಯಾಟರಿ ಎಂದೇ ಕರೆಯಲು ಅಪ್ಪಣೆಯಾಗಬೇಕು. ಮೇಷ್ಟ್ರಿಗೆ ‘ಬ್ಯಾಟರಿ ಬಂಡಿ’ಯೂ ಅರಿಸಮಾಸವೆಂದು ತೋರಿದರೆ, ಕೇಶಿರಾಜನು ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟಿದ್ದಾನೆಂಬುದನ್ನು ನೆನಪಿಸುತ್ತೇನೆ. ಗಾಡಿಯ ಹೆಸರೂ ಒಂದು ಬಿರುದೇ.

ಉತ್ತರ, ಚಿತ್ರದುರ್ಗದಿಂದ

ಅಲ್ಲ.

ಪ್ರಶ್ನೆ ಕೇಳಿದವರಿಂದ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಫ್ಲೆಕ್ಸ್ ಅಂಗಡಿಯವರು ಬಾಗಿಲು ಹಾಕುವ ಹೊತ್ತಾದ್ದರಿಂದ ನಿರ್ಧರಿಸಲೇಬೇಕಾಯಿತು. ನೆಲವನ್ನೇ ಹೆಸರಿನಲ್ಲಿ ಹೇಳಬೇಕೆಂಬ ಹರಿಹರದವರ ವಾದವೂ, ಅದಕ್ಕೆ ಚಳ್ಳಕೆರೆಯವರು ಕೊಟ್ಟ ‘ಕಾಡುಮೇಡು’ ಎಂಬ ಪದವೂ ನನಗೆ ಒಪ್ಪಿಗೆಯಾದವು. ಗಾತ್ರಕ್ಕೆ ‘ಕಿರು’ವಿಗಿಂತ ಮಕ್ಕಳು ಆಗಲೇ ಬಳಸುತ್ತಿರುವ ‘ಮರಿ’ಯೇ ಇರಲೆಂದು ಬಿಟ್ಟಿದ್ದೇನೆ. ‘ದುರ್ಗಮಗಾಮಿ’ಯನ್ನು ತಯಾರಕರಿಗೆ ಓದಿ ಹೇಳಿದೆ, ಅವರು ಇನ್ನೊಮ್ಮೆ ಹೇಳಲು ಕೇಳಿದರು, ಬಳಿಕ ಏನನ್ನೂ ಹೇಳಲಿಲ್ಲ. ‘ಕಟ್ಟಿದ’ ಎಂಬುದನ್ನು ಎತ್ತುಗಳ ಕಾರಣಕ್ಕೆ ಬಿಟ್ಟು, ‘ತಯಾರಾದ’ ಎಂದು ಬರೆದಿದ್ದೇನೆ. ಅದೂ ಹೊರಗಿನಿಂದ ಬಂದ ಪದವೆಂದು ಚಳ್ಳಕೆರೆಯವರು ಬರೆಯುವ ಮೊದಲೇ ನಾನೇ ತಿಳಿಸಿಬಿಡುತ್ತೇನೆ.

ಅಚ್ಚಿಗೆ ಹೋದ ಬರಹ ಹೀಗಿದೆ:

ಕಾಡುಮೇಡಿನ ಮರಿಬಂಡಿ
ಮನೆಯ ಶೆಡ್ಡಿನಲ್ಲಿ ತಯಾರಾದದ್ದು, ಬ್ಯಾಟರಿಯಿಂದ ಓಡುತ್ತದೆ.
ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ.

ಪಕ್ಕದಲ್ಲಿ ಅಂಟಿಸುವ ವಿವರಣೆಯ ಹಾಳೆಯಲ್ಲಿ ‘ತಿರುಗುವ ಅಚ್ಚು’ ಮತ್ತು ‘ಕಡೆಗೀಲು’ ಎರಡನ್ನೂ ಬಳಸಿದ್ದೇನೆ. ಅದರಲ್ಲಿ ಮೋಟಾರನ್ನು ಹಿಡಿತದಲ್ಲಿಡುವ ಪೆಟ್ಟಿಗೆಯ ಹೆಸರಾದ ‘ಕಂಟ್ರೋಲರ್’ ಎಂಬ ಒಂದು ಪದ ಮಾತ್ರ ಹಾಗೆಯೇ ಉಳಿದಿದೆ. ‘ನಿಯಂತ್ರಕ’ ಎಂದು ಬರೆದರೆ ಗಾಡಿ ಓಡಿಸುವವರೋ ಪೆಟ್ಟಿಗೆಯೋ ತಿಳಿಯುವುದಿಲ್ಲ. ಆ ಹಾಳೆಯನ್ನು ಶುಕ್ರವಾರ ಮುದ್ರಿಸಿದರೆ ಸಾಕು. ಯಾರಿಗಾದರೂ ಪದ ಹೊಳೆದರೆ ಅಷ್ಟರೊಳಗೆ ತಿಳಿಸಿರಿ.