ಬೇರು ಕವಲಿನ ರಂಧ್ರಕ್ಕೆ ಎಂಟಿಎಯೋ, ಬಯೋಡೆಂಟಿನ್ನೋ?

ಪ್ರಶ್ನೆ
ಕೆಳದವಡೆಯ ಮೊದಲ ಮೋಲಾರ್ ಹಲ್ಲಿನಲ್ಲಿ ಮುಚ್ಚಿಹೋದ ಬೇರುನಾಳದ ಬಾಯಿಯನ್ನು ಹುಡುಕುವಾಗ ಬರ್ (ಹಲ್ಲು ಕೊರೆಯುವ ಮೊನೆ) ತಗುಲಿ, ಬೇರುಗಳು ಕವಲೊಡೆಯುವ ಜಾಗದಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ರಂಧ್ರವಾಗಿರುವ ರೋಗಿಯೊಬ್ಬರನ್ನು ನನ್ನಲ್ಲಿಗೆ ಕಳುಹಿಸಿದ್ದಾರೆ. ಒಸಡಿನಲ್ಲಿ ಊತವಾಗಲಿ ಕೀವಾಗಲಿ ಇಲ್ಲ. ಇದನ್ನು ಮುಚ್ಚಲು ಯಾವ ವಸ್ತು ಸೂಕ್ತ? ಹಲ್ಲಿನ ಕುಳಿ ತುಂಬುವ ಗ್ಲಾಸ್ ಅಯೊನೊಮರ್ ಸಿಮೆಂಟ್ ಸಾಲದೇ?

ಉತ್ತರ 1
ಗ್ಲಾಸ್ ಅಯೊನೊಮರ್ ಅನ್ನು ನಾನು ಒಪ್ಪುವುದಿಲ್ಲ. ರಕ್ತ ಜಿನುಗುವ ಜಾಗದಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ಹಿಂದೆ ಪಾದರಸ ಬೆರೆತ ಲೋಹಮಿಶ್ರಣವಾದ ಅಮಾಲ್ಗಮ್ಮನ್ನೂ ಬಳಸುತ್ತಿದ್ದರು, ಆದರೆ ಅಂಚಿನಲ್ಲಿ ಸೋರಿಕೆ ತಪ್ಪುತ್ತಿರಲಿಲ್ಲ. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ರೂಪಿಸಿ, 1993ರಲ್ಲಿ ಬೇರಿನ ರಂಧ್ರಗಳಿಗೆಂದೇ ವಿವರಿಸಿದ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್ ಎಂಬ ಸಿಮೆಂಟ್) ಈ ಚಿತ್ರವನ್ನು ಬದಲಿಸಿತು. ಅದರ ಮುಕ್ಕಾಲು ಪಾಲು, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಶುದ್ಧೀಕರಿಸಿದ ರೂಪವೇ. ಎಕ್ಸ್-ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿರುತ್ತಾರೆ. ತೇವವಿದ್ದರೇ ಗಟ್ಟಿಯಾಗುವ ಈ ವಸ್ತುವಿನ ಮೇಲೆ ಸಿಮೆಂಟಮ್ (ಬೇರಿನ ಹೊರಪದರ) ಬೆಳೆಯುವುದು ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಉತ್ತರ 2
ಮೇಲಿನ ಮಾತು ಸರಿ, ಆದರೆ ಎಂಟಿಎ ಗಟ್ಟಿಯಾಗಲು ಎರಡೂಮುಕ್ಕಾಲು ಗಂಟೆ ಬೇಕು. ಒದ್ದೆ ಹತ್ತಿಯಿಟ್ಟು, ರೋಗಿಯನ್ನು ಮತ್ತೊಮ್ಮೆ ಕರೆಸಬೇಕಾಗುತ್ತದೆ. ಅದೇ ಬಗೆಯ ಇನ್ನೊಂದು ಸಿಮೆಂಟಾದ ಬಯೋಡೆಂಟಿನ್ ಸುಮಾರು ಹನ್ನೆರಡು ನಿಮಿಷದಲ್ಲೇ ಬಿಗಿಯಾಗುವುದರಿಂದ ಅದೇ ಭೇಟಿಯಲ್ಲಿ ಕೆಲಸ ಮುಂದುವರಿಸಬಹುದು. ಬಿಸ್ಮತ್ ಇಲ್ಲದ ಕಾರಣ ಹಲ್ಲು ಕಪ್ಪಾಗುವ ಭಯವೂ ಕಡಿಮೆ, ಮುಂಭಾಗದ ಹಲ್ಲುಗಳಲ್ಲಿ ಇದು ಚಿಕ್ಕ ವಿಷಯವಲ್ಲ. ಎಕ್ಸ್-ರೇಯಲ್ಲಿ ಮಾತ್ರ ಅದು ಹಲ್ಲಿನ ಒಳಪದರವಾದ ಡೆಂಟಿನ್‌ನಿಂದ ಬೇರೆಯಾಗಿ ಸ್ಪಷ್ಟವಾಗಿ ಕಾಣುವುದಿಲ್ಲ. ನಿಮ್ಮ ರೋಗಿಗೆ ನಾನು ಇದನ್ನೇ ಆರಿಸುತ್ತೇನೆ.

ಉತ್ತರ 3
ವಸ್ತುವಿಗಿಂತ ರಂಧ್ರದ ಗಾತ್ರ, ಸ್ಥಾನ ಮತ್ತು ಅದು ತೆರೆದುಕೊಂಡಿದ್ದ ಅವಧಿಯೇ ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತವೆ. ಕವಲಿನ ರಂಧ್ರ ಒಸಡಿನ ಅಂಚಿಗೆ ಹತ್ತಿರವಿರುವುದರಿಂದ ಬಾಯಿಯ ಬ್ಯಾಕ್ಟೀರಿಯಾ ಬೇಗ ಒಳಹೊಕ್ಕು ಮೂಳೆ ಕರಗಬಹುದು. ಆದ್ದರಿಂದ ನಾಳಗಳನ್ನು ತುಂಬುವವರೆಗೆ ಕಾಯದೆ, ನಾಳದ ಬಾಯಿಗಳನ್ನು ಕಾಪಾಡಿಕೊಂಡು ಮೊದಲು ರಂಧ್ರವನ್ನೇ ಮುಚ್ಚಿ. ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಕಡ್ಡಾಯ. ರಂಧ್ರದ ಮೂಲಕ ನಾಳ ತೊಳೆಯುವ ಹೈಪೊಕ್ಲೋರೈಟ್ ದ್ರಾವಣ ಒತ್ತಡದಿಂದ ಆಚೆ ಹೋದರೆ ಅಂಗಾಂಶ ಸುಡುತ್ತದೆ, ಹಾಗಾಗಿ ಸಲೈನ್‌ನಿಂದ ಮೆಲ್ಲಗೆ ತೊಳೆಯಿರಿ. ಮೂಳೆ ಈಗಾಗಲೇ ಕರಗಿದ್ದರೆ ವಸ್ತು ಆಚೆ ಜಾರದಂತೆ ಕೊಲಾಜನ್ ತುಣುಕನ್ನು ಆಧಾರವಾಗಿಡಿ. ಮೂಳೆ ಗಟ್ಟಿಯಾಗಿದ್ದರೆ ಅದರ ಅಗತ್ಯ ಬೀಳದು. ಆಮೇಲೆ ಕ್ರೌನ್ ಕೂರಿಸಿ, ಆರು ತಿಂಗಳಿಗೆ ಎಕ್ಸ್-ರೇ ತೆಗೆದು, ಕವಲಿನ ಮೂಳೆಯನ್ನೂ ಅಳತೆಯ ಕಡ್ಡಿಯಾದ ಪ್ರೋಬ್‌ನಿಂದ ಒಸಡಿನ ಆಳವನ್ನೂ ಪರೀಕ್ಷಿಸಿ.